ಉಜ್ಜಿದ ನಳಿಕೆ

ಮಂಗಳವಾರ ಸಂಜೆ 7.20ಕ್ಕೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದಳು. ಆಕೆ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯ ಮಗಳು. ಅಪ್ಪನನ್ನು ಕರೆದೊಯ್ಯಲು ಹೋದವಳು, ಕಚೇರಿಯ ಕುರ್ಚಿಯಲ್ಲಿ ಅವರ ಹೆಣ ನೋಡಿ ಬಂದಿದ್ದಳು. 8.05ಕ್ಕೆ ಎಫ್‌ಐಆರ್ ದಾಖಲಾಯಿತು.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ತೆರೆದ ಕಿಟಕಿಯ ಹೊರಗಿನಿಂದ, ಮೂರೇ ಹೆಜ್ಜೆ ದೂರದಲ್ಲಿ, ಸುಮಾರು 6.45ಕ್ಕೆ ಗುಂಡು ಹಾರಿತ್ತು. ಖಾಲಿ ತೋಟೆ ಸಿಗಲಿಲ್ಲ. ಮೇಜಿನ ಕೆಳಗೆ ಒಂದು ಪ್ಲಾಸ್ಟಿಕ್ ಬಟ್ಟಲು ಸಿಕ್ಕಿತು. ತೋಟೆಯೊಳಗೆ ಸೀಸದ ಗುಂಡುಗಳನ್ನು ಹಿಡಿದಿಡುವ, ಹೆಬ್ಬೆರಳಷ್ಟು ದಪ್ಪದ ಬಟ್ಟಲು.

"ಯಾರ ಮೇಲಾದ್ರೂ ಅನುಮಾನ ಇದೆಯಾಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳು ಹೇಳದ್ದನ್ನು ಕ್ಲಬ್ಬಿನ ಎಲ್ಲರೂ ಹೇಳಿದರು. ಅವಳ ಗಂಡನಿಗೂ ಸತ್ತ ಮಾವನಿಗೂ ಆರು ತಿಂಗಳಿಂದ ಮಾತಿಲ್ಲ, ಮುಖ ಕಂಡರೆ ಆಗುತ್ತಿರಲಿಲ್ಲ. ಅವನ ಹತ್ತಿರ ಹೊಸ ಕೋವಿಯೂ ಇತ್ತು. ಇನ್ನೇನು ಬೇಕು!

ಬುಧವಾರ 11ಕ್ಕೆ ಆ ಕೋವಿ ಜಪ್ತಿಯಾಯಿತು. ಇನ್‌ಸ್ಪೆಕ್ಟರ್ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ತಿಕ್ಕಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಯಾರು ಉಜ್ಜಿದ್ದು?"

"ಗೊತ್ತಿಲ್ಲ ಸಾರ್," ಎಂದ ಅಳಿಯ. "ನಿನ್ನೆ ಮಧ್ಯಾಹ್ನ ಟ್ರಿಗರ್ ಬಿಗಿ ಅಂತ ಕೋವಿ ಮೇಸ್ತ್ರಿ ಅಂಗಡೀಲಿ ಬಿಟ್ಟಿದ್ದೆ. ಇವತ್ತು ಒಂಬತ್ತಕ್ಕೆ ತಂದೆ. ಒಳಗೆ ನೋಡೇ ಇಲ್ಲ."

"ರಸೀದಿ?"

"ಮೇಸ್ತ್ರಿ ಹತ್ರ ಯಾರು ಸಾರ್ ರಸೀದಿ ಕೇಳ್ತಾರೆ? ಕೇಳಿದ್ರೆ ಬೇಜಾರು ಮಾಡ್ಕೋತಾರೆ."

"ಚೆನ್ನಾಗಿ ಕತೆ ಕಟ್ತಾನೆ," ಎಂದು ಹೆಡ್ ಕಾನ್‌ಸ್ಟೆಬಲ್ ಗೊಣಗಿದರು. ಅಳಿಯನನ್ನು ವಿಚಾರಣೆಗೆ ಕೂರಿಸಿಕೊಂಡರು. ಹೆಂಡತಿ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಿನ್ನೆ ಅಪ್ಪ ಹೋದರು, ಇಂದು ಗಂಡ ಕಂಬಿಯ ಹಿಂದೆ. ನಂಬಲೂ ಆಗದು, ಬಿಡಲೂ ಆಗದು.

ಕೋವಿ ರಿಪೇರಿಯ ಮೇಸ್ತ್ರಿಯ ಅಂಗಡಿ ಕ್ಲಬ್ಬಿನ ಹಿಂದಿನ ಬೀದಿಯಲ್ಲಿತ್ತು. ಮೂವತ್ತೆರಡು ವರ್ಷದ ಅಂಗಡಿ. ಉಳಿ, ಅರ, ಎಣ್ಣೆ ಡಬ್ಬಿ ಎಲ್ಲವೂ ತಂತಮ್ಮ ಜಾಗದಲ್ಲಿದ್ದವು. ಇನ್‌ಸ್ಪೆಕ್ಟರ್ ಏನೂ ಅರಿಯದವರಂತೆ ಮಾತು ತೆಗೆದರು.

"ಹೊಸ ನಳಿಕೆ ಒಳಗೆ ಬಳೆಬಳೆಯಾಗಿ ಗೆರೆ ಇದ್ರೆ ಉಜ್ಜಿಸಬೇಕಾ?"

"ಅಯ್ಯೋ, ಬೇಡಿ ಸಾರ್! ಕೊರೆದ ಯಂತ್ರ ಬಿಟ್ಟ ಗುರುತು ಅದು. ಗುಂಡಿಗೇನೂ ಆಗಲ್ಲ. ಸ್ವಲ್ಪ ಮಸಿ ಕೂರತ್ತೆ, ಬಟ್ಟೆ ಹಾಕಿ ಎಳೆದ್ರೆ ಆಯ್ತು. ಉಜ್ಜಿ ತೆಗೆದ ಕಬ್ಬಿಣ ವಾಪಸ್ ಬರತ್ತಾ?"

"ಉಜ್ಜಲೇಬೇಕು ಅಂದ್ರೆ?"

"ನಾಲ್ಕು ಗಂಟೆ ಬೇಕು. ಅವಸರ ಮಾಡಿದ್ರೆ ಏರುತಗ್ಗು ಆಗತ್ತೆ. ಅರ್ಧಂಬರ್ಧ ಕೆಲಸ ನನ್ನ ಕೈಲಿ ಆಗಲ್ಲ."

"ಮತ್ತೆ ಆ ಅಳಿಯನ ಕೋವಿ?"

ಮೇಸ್ತ್ರಿ ಕೈ ಒರೆಸಿಕೊಂಡರು. "ಬೇಡ ಅಂದೆ. ಹಠ ಹಿಡಿದ. ಉಜ್ಜಿಕೊಟ್ಟೆ. ನಿನ್ನೆ ಆರು ಗಂಟೆಗೇ ತಗೊಂಡು ಹೋದ."

ಆರಕ್ಕೆ ಕೋವಿ ಸಿಕ್ಕಿದ್ದರೆ ಮುಕ್ಕಾಲು ಗಂಟೆಯಲ್ಲಿ ಕೊಲೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ಇನ್‌ಸ್ಪೆಕ್ಟರಿಗೆ ಇಬ್ಬರ ಮೇಲೂ ನಂಬಿಕೆ ಹುಟ್ಟಲಿಲ್ಲ.

ಗುರುವಾರ ಹೆಡ್ ಕಾನ್‌ಸ್ಟೆಬಲ್ ಅಳಿಯನ ಮೊಬೈಲ್ ಜಾಲಾಡುತ್ತಿದ್ದರು. ಒಂದು ಫೋಟೊ ಕಂಡಿತು. ಮೇಸ್ತ್ರಿಯ ಮೇಜು, ಅದರ ಮೇಲೆ ಕೋವಿ, ನಳಿಕೆಯೊಳಗೆ ಸಾಲುಸಾಲು ಗೆರೆ. ಮಂಗಳವಾರ, 4.10.

"ಇದನ್ನ ಯಾಕೋ ಮೊದಲೇ ಹೇಳಲಿಲ್ಲ?"

"ಕೋವಿ ಕೆಟ್ಟದ್ದೇನೋ ಅಂತ ಭಯ ಆಗಿ ತೆಗೆದೆ ಸಾರ್. ಮೇಸ್ತ್ರಿ ಬೈದ್ರು, ಮುಟ್ಟಬೇಡ, ಹಾಗೇ ಇರಲಿ ಅಂತ. ಆಮೇಲೆ ಮರೆತೇ ಹೋಯ್ತು."

ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದ ಪ್ರಾಥಮಿಕ ವರದಿ ಬಂತು. 10.30ಕ್ಕೆ ಮೇಸ್ತ್ರಿಯನ್ನು ಕರೆಸಿದರು.

"4.10ಕ್ಕೆ ಗೆರೆ ಇತ್ತು. ಆರಕ್ಕೆ ಕೊಟ್ಟೆ ಅಂತೀರಿ. ನಾಲ್ಕು ಗಂಟೆ ಕೆಲಸ ಎರಡು ಗಂಟೇಲಿ ಹೇಗೆ ಮುಗೀತು?"

ಮೇಸ್ತ್ರಿ ಉಗುರಿನ ಮಸಿ ಕೆರೆಯತೊಡಗಿದರು.

"ಅವನು ಬಿಟ್ಟುಹೋದ ಕೋವಿಯಿಂದಲೇ ಹೊಡೆದು, ಆ ಗೆರೆ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಮೂಡಿರತ್ತೆ ಅಂತ ಹೆದರಿ ರಾತ್ರಿ ಕೂತು ಉಜ್ಜಿದ್ರಾ?"

"ಮೂಡಿರಲಿಲ್ವಾ?" ಮೇಸ್ತ್ರಿಯ ಬಾಯಿಂದ ಜಾರಿಬಿಟ್ಟಿತು.

"ಗುರುತು ಹಿಡಿಯೋಂಥದ್ದು ಒಂದೂ ಇಲ್ಲ. ನೀವೇ ಎಲ್ಲರಿಗೂ ಹೇಳ್ತಿದ್ದ ಹಾಗೆ ಉಜ್ಜದೆ ಬಿಟ್ಟಿದ್ರೆ ನಮಗೇನೂ ಸಿಗ್ತಿರಲಿಲ್ಲ."

ಕೋವಿಯ ಗಂಧಗಾಳಿ ಇಲ್ಲದವನು ಒರೆಸಿಟ್ಟು ಸುಮ್ಮನಾಗುತ್ತಿದ್ದ. ಮೇಸ್ತ್ರಿಗೆ ತನ್ನ ವಿದ್ಯೆಯೇ ಮುಳುವಾಯಿತು. 11.15ಕ್ಕೆ ದಸ್ತಗಿರಿಯಾಯಿತು. ಅಳಿಯನನ್ನು ಬಿಟ್ಟರು. ಹೆಂಡತಿ ಬೆಂಚಿನಿಂದ ಎದ್ದು ಅವನ ತೋಳಿಗೆ ಮುಖವಿಟ್ಟು, ನಾಲ್ಕು ದಿನದ ಅಳುವನ್ನೆಲ್ಲ ಅಲ್ಲೇ ಅತ್ತಳು.

"ಯಾಕೆ ಮೇಸ್ತ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಮೇಸ್ತ್ರಿಗೆ ಕಣ್ಣು ಕಾಣಲ್ಲ, ಅವರ ಕೈಗೆ ಕೋವಿ ಕೊಡಬೇಡಿ ಅಂತ ಆ ಕಾರ್ಯದರ್ಶಿ ಕ್ಲಬ್ಬಿನ ಬೋರ್ಡಿಗೆ ಹಾಕೋಕೆ ಬರೆದಿದ್ದ ಸಾರ್. ಬೇಡ ಅಂತ ಕೈಮುಗಿದೆ. ಕೇಳಲಿಲ್ಲ. ಮೂವತ್ತೆರಡು ವರ್ಷ! ಬೀದೀಲಿ ಹೇಗೆ ತಲೆ ಎತ್ತಲಿ?" ಆಮೇಲೆ ಕಸುಬಿನ ಮಾತೆಂಬಂತೆ ಕೇಳಿದರು, "ಉಜ್ಜಿದ್ದು ಮಾತ್ರ ಚೆನ್ನಾಗಿತ್ತಲ್ವಾ? ಗೆರೆ ಎಲ್ಲಾ ಹೋಗಿತ್ತಲ್ವಾ?"

ಇನ್‌ಸ್ಪೆಕ್ಟರ್ ವರದಿ ನೋಡಿದರು. "ಇಲ್ಲ. ನಡುವೆ ನಾಲ್ಕು ಬೆರಳಗಲ ಹಾಗೇ ಉಳಿದಿದೆ."

"ನಾನು ಮೂರು ಸಲ ನೋಡಿದ್ದೆ ಸಾರ್."

ಇನ್‌ಸ್ಪೆಕ್ಟರ್ ವರದಿಯನ್ನು ಅವರತ್ತ ತಿರುಗಿಸಿಟ್ಟರು.

"ಹಾಗಾದ್ರೆ ಅವನು ಬರೆದಿದ್ದು ನಿಜವೇ," ಎಂದು ಮೇಸ್ತ್ರಿ ಎರಡೂ ಕೈ ಮುಂದೆ ಚಾಚಿದರು.