ನಿಲ್ಲೋಕೂ ಒಂದು ಮಾತ್ರೆ

“ನಿಂತ್ಕೊಳ್ಳೋಕೂ ಮಾತ್ರೆ ನುಂಗೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ!” ಎಂದು ಅತ್ತೆ ಗಿರಾಕಿಗಳೆದುರೇ ಅಳಿಯನ ಕೈಯಲ್ಲಿದ್ದ ಮಾತ್ರೆಗಳನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು.

ಗಂಡ ಸತ್ತ ಮೇಲೆ ಆ ಕ್ಷೌರದಂಗಡಿಯ ಯಜಮಾನಿಕೆ ಅವಳದೇ. ಮಗಳು ಮೆಚ್ಚಿ ಕಟ್ಟಿಕೊಂಡ ಈ ಕೆಲಸಗಾರ ಅವಳ ಪಾಲಿಗೆ ಬರೀ ‘ಒಣಕಡ್ಡಿ’. ಎದ್ದು ನಿಂತರೆ ಸಾಕು, ಅವನ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತಿತ್ತು. ಒತ್ತಡ ಏರಿಸುವ ಮಾತ್ರೆ ಬರೆದುಕೊಟ್ಟ ವೈದ್ಯರು, ನುಂಗಿದ ಮೇಲೆ ಮಲಗಬಾರದು, ಹೊತ್ತು ತಪ್ಪಿಸಲೂಬಾರದು ಎಂದಿದ್ದರು. ಆದರೆ ಅದನ್ನು ನುಂಗಿದಾಗಲೆಲ್ಲ ನೆತ್ತಿ ಜುಮುಗುಟ್ಟಿ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಅತ್ತೆಗೆ ಅಷ್ಟೇ ಸಾಕಾಯಿತು.

“ಕ್ಷೌರ ಮಾಡೋನೇ ತಲೆ ಕೆರ್ಕೊಂಡ್ರೆ, ಈ ಅಂಗಡೀಲಿ ಹೇನಿದೆ ಅಂತಾರೆ ಜನ! ಇವತ್ತೊಂದಿನ ಮಾತ್ರೆ ಇಲ್ದೆ ನಿಂತು ತೋರ್ಸು.”

“ಅತ್ತೆ, ಕಣ್ಣು ಮಂಜಾಗ್ತಿದೆ... ಸ್ವಲ್ಪ ಕೂತ್ಕೊಳ್ಳಲಾ?”

“ಕೂತ್ಕೊಳ್ಳೋಕೆ ಇದೇನು ನಿಮ್ಮಪ್ಪನ ಸಿಂಹಾಸನಾನಾ? ನನ್ನ ಮಗ ಬಂದಿದ್ದಾನೆ, ಗಡ್ಡ ತೆಗಿ.”

ಮುದ್ದಿನ ಮಗ ಕುರ್ಚಿಗೆ ಒರಗಿ ಹಲ್ಲು ಕಿಸಿದ. “ನೋಡ್ಕೊಂಡು ಮಾಡಪ್ಪಾ, ಬಿದ್ದುಗಿದ್ದೀಯ!”

ಕತ್ತಿ ಗಂಟಲಿನ ಬಳಿ ಇಳಿಯುವಾಗಲೇ ಅಳಿಯನ ಮುಖ ಸುಣ್ಣದಂತಾಯಿತು. ಮೊಣಕಾಲು ಮಡಚಿಕೊಂಡಿತು. ಬೀಳುವವನು ಆಸರೆಗೆ ಕುರ್ಚಿ ಹಿಡಿಯಲಿಲ್ಲ; ಎಡಗೈಯಲ್ಲಿ ಅಲಗನ್ನೇ ಬಿಗಿಯಾಗಿ ಹಿಡಿದು, ತನ್ನೆಡೆಗೆ ಎಳೆದುಕೊಂಡು ಕುಸಿದ... ಮಗನ ಕತ್ತಿನ ಮೇಲೆ ಒಂದು ಗೀರೂ ಇರಲಿಲ್ಲ. ನೆಲದ ಮೇಲಿನ ಕೂದಲೆಲ್ಲ ಅಳಿಯನ ರಕ್ತದಲ್ಲಿ ತೊಯ್ದಿತ್ತು!

ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಮಗಳು ತಾಯಿಯತ್ತ ತಿರುಗಿಯೂ ನೋಡಲಿಲ್ಲ. ಮಗ ಮಾತ್ರ ಗಂಟಲು ಸವರಿಕೊಳ್ಳುತ್ತ, “ಅಮ್ಮಾ, ಆ ಪೀಡೆನ ಇವತ್ತೇ ಓಡ್ಸು. ನನ್ನ ಕತ್ತು ಹೋಗ್ತಿತ್ತು!” ಎಂದ.

ಇಷ್ಟು ವರ್ಷ ಅಳಿಯನಿಗೆಂದು ಕೂಡಿಟ್ಟಿದ್ದ ತಾತ್ಸಾರವೆಲ್ಲ ಅತ್ತೆಯಲ್ಲಿ ಒಮ್ಮೆಲೇ ಮಗನತ್ತ ಉಕ್ಕಿತು. “ಥೂ! ಬಿದ್ದೋನನ್ನ ಎತ್ತದೆ ಬೀದಿಗೆ ಓಡಿದೆಯಲ್ಲೋ! ಮಾತ್ರೆ ಎಸೆದಿದ್ದು ನಾನು... ನಿನ್ನಂಥೋನನ್ನ ಹೆತ್ತಿದ್ದೂ ನಾನೇ. ನಡಿ ಆಚೆ!”

ಒಳಗೆ ಅಳಿಯ ಕಣ್ಣು ತೆರೆದಿದ್ದ. “ಭಾವಂಗೆ... ಏನೂ ಆಗಿಲ್ಲ ತಾನೇ, ಅತ್ತೆ?”

ಅತ್ತೆ ಮಂಚದ ಕಂಬಿ ಹಿಡಿದು ಬಿಕ್ಕಿದಳು.

ಅಂಗಡಿ ಮತ್ತೆ ತೆರೆದಾಗ ಕತ್ತರಿ ಹಿಡಿದವಳು ಅವಳೇ. ಗಂಡನಿಂದ ಕಲಿತದ್ದು ಅರ್ಧಕ್ಕರ್ಧ ಮರೆತುಹೋಗಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡ ಅಳಿಯ ಪಕ್ಕದಲ್ಲೇ ಕುಳಿತು ಮೆಲ್ಲಗೆ ಹೇಳಿಕೊಡುತ್ತಿದ್ದ.

ಗಿರಾಕಿಯೊಬ್ಬ ನಕ್ಕ. “ಏನಮ್ಮಾ, ಅಳಿಯ ಆರಾಮಾಗಿ ಕೂತಿದ್ದಾನೆ, ನೀವು ದುಡೀತಿದ್ದೀರಾ?”

“ಕೂತಿದ್ದಾರೆ ಅನ್ನು,” ಎಂದಳು ಅವಳು, ಗಿರಾಕಿಯ ತಲೆಯನ್ನು ಒತ್ತಿ ಬಗ್ಗಿಸುತ್ತ.