ಹನ್ನೆರಡನೇ ನಂಬರಿನ ಬೂಟುಗಳು

ಬಾಗಿಲು ಬಡಿದ ಸದ್ದಿಗೆ ಗ್ಲೆನಿಸ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಹಾ ಅರ್ಧ ಚೆಲ್ಲಿತು.

ನಲ್ಲಾರ್‌ಬರ್ ಎಂಬ ಮರವಿಲ್ಲದ ಬಯಲಿನ ಆ ತಂಗುದಾಣದಲ್ಲಿ, ಅವಳು ಮನೆ ಮಾಡಿಕೊಂಡಿದ್ದ ಮೋಟರ್‌ಹೋಮ್ ಬಿಟ್ಟರೆ ಇದ್ದದ್ದು ಒಂದು ಹಳೇ ಬಿಳಿ ವ್ಯಾನು ಮಾತ್ರ. ಹೊತ್ತು ಮುಳುಗುತ್ತಿತ್ತು. ಹತ್ತಿರದ ಪೆಟ್ರೋಲ್ ಬಂಕು ತೊಂಬತ್ತು ಕಿಲೋಮೀಟರು ದೂರ. ಫೋನಿಗೆ ಸಿಗ್ನಲ್ ಇಲ್ಲ.

"ಯಾರದು?"

"ಪಕ್ಕದ ವ್ಯಾನಿನವನು, ವಾರಿಕ್ ಅಂತ. ನಿಮ್ಮ ಯಜಮಾನ್ರ ಹತ್ರ ಒಂದು ಮಾತಿತ್ತು."

ಅವಳ ಕೈ ತಾನಾಗಿಯೇ ಬಾಗಿಲ ಪಕ್ಕದ ಕಣಜದ ಹುಳು ಕೊಲ್ಲುವ ಸ್ಪ್ರೇ ಡಬ್ಬಿಗೆ ಹೋಯಿತು.

"ಮಲಗಿದ್ದಾರೆ. ಏನಿದ್ರೂ ನನಗೇ ಹೇಳಿ."

"ಹಿಂದಿನ ಎಡಗಡೆ ಟೈರು ಪಕ್ಕದಲ್ಲಿ ಸೀಳಿದೆ. ಹಾಗೇ ಓಡಿಸಿದ್ರೆ ದಾರೀಲಿ ಸಿಡಿಯತ್ತೆ. ಅವ್ರು ಎದ್ದ ಮೇಲೆ ಹೇಳಿ. ಬದಲಾಯಿಸೋಕೆ ಇನ್ನೊಂದು ಕೈ ಬೇಕಿದ್ರೆ ನಾನಿದ್ದೀನಿ."

ಹೆಜ್ಜೆ ಸದ್ದು ದೂರ ಹೋಯಿತು. ಆತ ಮೆಟ್ಟಿಲನ್ನೂ ಹತ್ತಿರಲಿಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ಮೆಟ್ಟಿಲ ಬಳಿ ಅವಳಿಟ್ಟಿದ್ದ ಬೂಟುಗಳ ಆಚೆಯೇ ನಿಂತು ಮಾತಾಡಿ ಹೋಗಿದ್ದ.

ಬೂಟುಗಳ ಕಥೆ ಮೊದಲು ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ತಲೆಬುಡ ಅರ್ಥವಾಗುವುದಿಲ್ಲ.

ಗ್ಲೆನಿಸ್ ಮತ್ತು ಅವಳ ಗಂಡ ನೆವಿಲ್ ಇದ್ದ ಮನೆ ಮಾರಿ ಈ ಗಾಡಿ ಕೊಂಡಿದ್ದರು. ಇನ್ನು ದೇಶವೆಲ್ಲ ನಮ್ಮದೇ ಮನೆ ಎಂದು ನಕ್ಕಿದ್ದ ನೆವಿಲ್. ಹೊರಟ ಐದನೇ ತಿಂಗಳು, ಇಂಥದ್ದೇ ಒಂದು ತಂಗುದಾಣದಲ್ಲಿ, ಬಾಗಿಲ ಬಳಿ ಬೂಟು ಬಿಚ್ಚಿಟ್ಟು ಬಂದು ಮಲಗಿದ. ಬೆಳಗ್ಗೆ ಏಳಲಿಲ್ಲ. ಸಹಾಯ ಕೇಳಲು ಸಿಗ್ನಲ್ ಇರಲಿಲ್ಲ. ಹೆಣವಾದ ಗಂಡನನ್ನು ಹಿಂದೆ ಮಲಗಿಸಿಕೊಂಡು, ಅವಳೇ ನೂರಾ ಎಪ್ಪತ್ತು ಕಿಲೋಮೀಟರು ಓಡಿಸಿದಳು. ದಾರಿಯುದ್ದಕ್ಕೂ ಅವನ ಜೊತೆ ಮಾತಾಡುತ್ತಲೇ ಇದ್ದಳಂತೆ.

ಮನೆ ಇಲ್ಲದವಳು ಹೋಗುವುದಾದರೂ ಎಲ್ಲಿಗೆ? ಗಾಡಿಯಲ್ಲೇ ಉಳಿದಳು. ಎರಡು ತಿಂಗಳ ಮೇಲೆ ಒಂದು ಕಡೆ ಯಾರೋ ಗಂಡಸು "ಒಬ್ಬರೇನಾ?" ಎಂದು ಕೇಳಿದ. ಇವಳು ಪೆದ್ದಿಯ ಹಾಗೆ "ಹೌದು" ಅಂದಳು. ಅವತ್ತು ಬೆಳಕು ಹರಿಯುವ ತನಕ ಬಾಗಿಲ ಹಿಡಿ ಹೊರಗಿನಿಂದ ಆಗಾಗ ತಿರುಗುತ್ತಲೇ ಇತ್ತು. ಇವಳು ಒಳಗೆ ಕೂತು ಅದನ್ನೇ ನೋಡುತ್ತಿದ್ದಳು.

ಮುಂದಿನ ಬಂಕಿನಲ್ಲಿ ಗಲ್ಲಾದಲ್ಲಿದ್ದ ಮುದುಕಿ ಇವಳ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು.

"ಯಜಮಾನನ ಬೂಟು ಇಟ್ಕೊಂಡಿದೀಯೇನಮ್ಮಾ?"

"ಇದೆ. ಹನ್ನೆರಡನೇ ನಂಬರಿಂದು."

"ಒಳ್ಳೇದಾಯ್ತು. ಸಂಜೆಯಾದ್ರೆ ಮೆಟ್ಟಿಲ ಹತ್ರ ಇಡು. ಜೊತೆಗೊಂದು ದೊಡ್ಡ ನಾಯಿ ಬಟ್ಟಲು, ಒಂದು ಸರಪಳಿ. ನಾಯಿ ಬೇಕಿಲ್ಲ, ಬಟ್ಟಲು ಸಾಕು. ಒಂಟಿ ಹೆಂಗಸರೆಲ್ಲ ಹಾಗೇ ತಿರುಗೋದು ಇಲ್ಲಿ. ಯಾರೇ ಕೇಳಲಿ, ಎಷ್ಟೇ ಒಳ್ಳೆಯವನು ಅನ್ನಿಸಲಿ, ಒಬ್ಬಳೇ ಅಂತ ಮಾತ್ರ ಬಾಯಿಬಿಡಬೇಡ."

ಅಂದಿನಿಂದ ನೆವಿಲ್ ಸತ್ತಿದ್ದಾನೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಸಂಜೆ ಬೂಟು ಹೊರಗಿಡುವಾಗ, ಅವನು ಒಳಗೆ ಬಂದ ಹಾಗೆಯೇ ಅನ್ನಿಸುತ್ತಿತ್ತು. ಅದೂ ಒಂದು ಆಸೆಯೇ.

ಬೆಳಗ್ಗೆ ಬೇಗನೆದ್ದು ಟೈರು ತಾನೇ ಬಿಚ್ಚಲು ಹೋದಳು. ಜಾಕಿನ ಹಿಡಿ ಜಾರಿ ಮಣಿಕಟ್ಟಿಗೆ ಬಡಿಯಿತು. ನೋವಿಗೆ ಕಣ್ಣು ಕತ್ತಲೆಯಾಯಿತು. ಅಂಗಿಯ ತೋಳು ಕೆಳಗೆಳೆದುಕೊಳ್ಳುವಷ್ಟರಲ್ಲಿ ವಾರಿಕ್ ಬಂದು ನಿಂತಿದ್ದ. ಐವತ್ತೈದು ದಾಟಿದ, ಮೋರೆಯೆಲ್ಲ ಬಿಸಿಲಿಗೆ ಸುಟ್ಟ ಮನುಷ್ಯ.

"ಯಜಮಾನ್ರು?"

"ಜ್ವರ."

ಆತ ಮತ್ತೇನೂ ಕೇಳದೆ ಕೆಲಸಕ್ಕೆ ಕೂತ. ಇಪ್ಪತ್ತು ನಿಮಿಷದಲ್ಲಿ ಟೈರು ಬದಲಾಯಿತು. ಗ್ಲೆನಿಸ್ ಮೂರು ಲೋಟ ಚಹಾ ಮಾಡಿದಳು. ಮೂರನೆಯದನ್ನು ಒಳಗೆ ಒಯ್ದು ಸದ್ದಾಗದ ಹಾಗೆ ಸಿಂಕಿಗೆ ಸುರಿದಳು.

ಆ ಬಯಲಿಗೆ ಇರುವುದು ಒಂದೇ ರಸ್ತೆ. ಒಂದು ತಂಗುದಾಣದಲ್ಲಿ ಕಂಡವರು ಮುಂದಿನದರಲ್ಲೂ ಸಿಕ್ಕೇ ಸಿಗುತ್ತಾರೆ. ಮರುದಿನ ಸಂಜೆ ಅವಳು ಮುಚ್ಚಳ ಹಾಕಿದ ಬಕೆಟ್ಟಿನಿಂದ ಬಟ್ಟೆ ತೆಗೆದು ಹಿಂಡುತ್ತಿದ್ದಾಗ ಬಿಳಿ ವ್ಯಾನು ಬಂದು ನಿಂತಿತು.

"ಅದೇನು, ಬಕೆಟ್ಟಲ್ಲಿ ಬಟ್ಟೆ ಉಪ್ಪಿನಕಾಯಿ ಹಾಕಿದೀರಾ?"

"ವಾಷಿಂಗ್ ಮೆಷಿನ್ ಇದು. ಬೆಳಗ್ಗೆ ನೀರು ಸೋಪು ಹಾಕಿ ಮುಚ್ಚಳ ಬಿಗಿದ್ರೆ, ಗುಂಡಿ ರಸ್ತೆ ಕುಲುಕಿ ಕುಲುಕಿ ತಾನೇ ಒಗೆಯತ್ತೆ."

"ಗಾಡಿ ಮುಂದಿನ ಆ ಜಾಲರಿಗೆ ಸುತ್ತಿರೋದು?"

"ನನ್ನ ಹಳೇ ಉದ್ದ ಕಾಲುಚೀಲ. ಮಿಡತೆ ಇಂಜಿನ್ನಿಗೆ ಹೋಗ್ದೇ ಇರ್ಲಿ ಅಂತ."

ವಾರಿಕ್ ನಕ್ಕ. ಗ್ಲೆನಿಸ್ ಕೂಡ ನಕ್ಕಳು. ತನ್ನ ನಗು ಕೇಳಿ ತಾನೇ ಗಾಬರಿಯಾದಳು. ಎಂಟು ತಿಂಗಳಾಗಿತ್ತು ಅದನ್ನು ಕೇಳಿ.

ಆತ ಕುರ್ಚಿಯನ್ನು ಯಾವಾಗಲೂ ತನ್ನ ವ್ಯಾನಿನ ಪಕ್ಕದಲ್ಲೇ ಹಾಕಿಕೊಳ್ಳುತ್ತಿದ್ದ. ಅಲ್ಲಿಂದಲೇ ಮಾತು. ಮೂರನೇ ದಿನ ಅವಳ ಕಣ್ಣು ಗಾಡಿಯ ಕನ್ನಡಿಯಲ್ಲಿ ಬಿಳಿ ವ್ಯಾನು ಹುಡುಕತೊಡಗಿತು. 'ಏನಾಗಿದೆ ನನಗೆ... ನೆವಿಲ್ ಬೂಟು ಹೊರಗಿಟ್ಟುಕೊಂಡು ಇನ್ನೊಬ್ಬನ ದಾರಿ ಕಾಯ್ತಿದ್ದೀನಲ್ಲ.' ನಿಜ ಹೇಳಿಬಿಡಲು ಬಾಯಿ ತೆರೆದಾಗಲೆಲ್ಲ ಆ ಬಾಗಿಲ ಹಿಡಿ ಕಣ್ಮುಂದೆ ತಿರುಗುತ್ತಿತ್ತು.

ನಾಲ್ಕನೇ ಸಂಜೆ ವಾರಿಕ್ ನಗಲಿಲ್ಲ. ಅವಳ ಮಣಿಕಟ್ಟು ನೀಲಿಗಟ್ಟಿದ್ದನ್ನು ನೋಡುತ್ತಿದ್ದ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವ್ರು ನಿಮಗೆ ಹೊಡೀತಾರಾ?"

ಗ್ಲೆನಿಸ್‌ಗೆ ಮೊದಲು ಅರ್ಥವೇ ಆಗಲಿಲ್ಲ.

"ನನ್ನ ತಂಗೀನೂ ಹೀಗೇ. ಉದ್ದ ತೋಳಿನ ಅಂಗಿ. ಫೋನ್ ಮಾಡಿದಾಗೆಲ್ಲ, ಅವ್ರು ಮಲಗಿದ್ದಾರಣ್ಣ, ಮೆಲ್ಲಗೆ ಮಾತಾಡು ಅಂತಿದ್ಲು. ಬೇರೆಯವರ ಸಂಸಾರ, ನನಗ್ಯಾಕೆ ಅಂತ ಸುಮ್ಮನಿದ್ದೆ. ಆಮೇಲೆ ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟೆ."

"ನನ್ನ ಗಂಡನ ಬಗ್ಗೆ ಒಂದಕ್ಷರ ಆಡಬೇಡಿ," ಅಂದಳು ಗ್ಲೆನಿಸ್. "ನೆವಿಲ್ ಒಂದು ಇರುವೆಯನ್ನೂ ತುಳಿದವನಲ್ಲ."

"ಹಾಗಿದ್ರೆ ಹೊರಗೆ ಬರಲಿ. ನಾಲ್ಕು ದಿನದಿಂದ ಹೆಂಡ್ತಿ ಗ್ಯಾಸ್ ಸಿಲಿಂಡರು ಹೊರ್ತಾಳೆ, ಇವ್ರು ಒಂದ್ಸಲ ಬಾಗಿಲಾಚೆ ತಲೆ ಹಾಕ್ಲಿಲ್ಲ. ಒಂದೇ ಒಂದು ಸಲ ಮುಖ ತೋರಿಸ್ಲಿ."

ಅವಳು ಎಲ್ಲಿಂದ ತೋರಿಸಬೇಕು?

"ನೀವು ಹೋಗಿ," ಅಂದಳು. "ಇನ್ನು ಈ ಕಡೆ ಬರಬೇಡಿ."

ವಾರಿಕ್ ತಲೆ ತಗ್ಗಿಸಿದ. "ತಪ್ಪಾಯ್ತು. ಬೆಳಗ್ಗೆ ಮುಂದೆ ಹೋಗ್ತೀನಿ. ಗಾಡಿಯಿಂದ ಗಾಡಿಗೆ ಮಾತಾಡೋ ರೇಡಿಯೋ ಹದಿನೆಂಟನೇ ಚಾನೆಲ್ಲಲ್ಲೇ ಇಟ್ಟಿರ್ತೀನಿ. ಯಾವತ್ತಾದ್ರೂ ಹೆದರಿಕೆ ಆದ್ರೆ ಕೂಗಿ."

ಬೆಳಗಿನ ಮಬ್ಬಿನಲ್ಲಿ ವ್ಯಾನು ಹೊರಟ ಸದ್ದು ಕೇಳಿ ಅವಳು ಬಾಗಿಲನ್ನು ಓರೆ ಮಾಡಿ ನೋಡಿದಳು. ಧೂಳು ಮಾತ್ರ ಕಂಡಿತು. ಮೆಟ್ಟಿಲ ಬಳಿ ಬೂಟುಗಳಿದ್ದವು, ಇಬ್ಬನಿಯಲ್ಲಿ ಒದ್ದೆಯಾಗಿ.

ಆಗ ಅವಳಿಗೆ ಅಳು ಒತ್ತರಿಸಿ ಬಂತು. ಮೂವತ್ತೊಂದು ವರ್ಷ ಒಂದು ಏಟು ಹಾಕದ, ಏರುದನಿಯಲ್ಲಿ ಮಾತಾಡದ ಮನುಷ್ಯ. ಅವನನ್ನು ಬದುಕಿಸಿಡುತ್ತೇನೆಂದು ಹೋಗಿ ಹೆಂಡತಿ ಹೊಡೆಯುವವನನ್ನಾಗಿ ಮಾಡಿಟ್ಟಿದ್ದಳು. ಒಬ್ಬ ಒಳ್ಳೆಯವನು ಹಾಗೆಂದೇ ನಂಬಿಕೊಂಡು ಹೋಗುತ್ತಿದ್ದ. ಇವಳೂ ತನ್ನ ತಂಗಿಯ ಹಾಗೆ ಸಾಯುತ್ತಾಳೆ ಎಂದುಕೊಂಡೇ ಹೋಗುತ್ತಿದ್ದ.

ರೇಡಿಯೋ ಮೈಕು ಕೈಗೆತ್ತಿಕೊಂಡಳು. ಆ ರೇಡಿಯೋ ಹೆಚ್ಚೆಂದರೆ ಹತ್ತು ಕಿಲೋಮೀಟರು ಮುಟ್ಟುತ್ತದೆ. ವ್ಯಾನಿಗೆ ಅದು ಆರು ನಿಮಿಷದ ದಾರಿ. ಆದರೆ ಹದಿನೆಂಟು ಎಲ್ಲರ ಚಾನೆಲ್. ಸುತ್ತ ಇರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ಆಚೆ ಇನ್ನೊಂದು ಪಿಕಪ್ ಗಾಡಿ ನಿಂತಿತ್ತು. ನಿನ್ನೆ ಸಂಜೆ ಅದರಲ್ಲಿದ್ದ ಇಬ್ಬರು ಗಂಡಸರ ನೋಟ ಅವಳಿಗೆ ಹಿಡಿಸಿರಲಿಲ್ಲ. ಅವರಿಗೂ ಕೇಳಿಸುತ್ತದೆ.

ಒಳಗಿನಿಂದ ಚಿಲಕ ಹಾಕಿದಳು. ಗುಂಡಿ ಒತ್ತಿದಳು.

"ವಾರಿಕ್, ನಾನು ಗ್ಲೆನಿಸ್. ನೆವಿಲ್ ನನಗೆ ಹೊಡೀಲಿಲ್ಲ. ಕೈಗೆ ಬಡಿದಿದ್ದು ಜಾಕಿನ ಹಿಡಿ. ನೆವಿಲ್... ನೆವಿಲ್ ಸತ್ತು ಎಂಟು ತಿಂಗಳಾಯ್ತು. ಬೂಟು ಬರೀ ತೋರಿಕೆಗೆ ಇಡೋದು. ಈ ಗಾಡೀಲಿ ನಾನೊಬ್ಬಳೇ ಇರೋದು."

ಹೇಳಿಬಿಟ್ಟಿದ್ದಳು. 'ಸತ್ತು' ಎಂಬ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

ರೇಡಿಯೋದಲ್ಲಿ ಬರೀ ಗೊರಗೊರ. ಆಮೇಲೆ ಯಾರೋ ಅಪರಿಚಿತನ ಒರಟು ದನಿ.

"ಅಮ್ಮಾ, ಇದು ಊರಿಗೆಲ್ಲ ಕೇಳಿಸ್ತಿದೆ."

"ಗೊತ್ತು. ಕೇಳಲಿ."

ವಾರಿಕ್‌ನ ಉತ್ತರವಿಲ್ಲ. ಹೊರಗೆ ಪಿಕಪ್ಪಿನ ಬಾಗಿಲು ತೆರೆದ ಸದ್ದು. ಪರದೆಯ ಸಂದಿಯಲ್ಲಿ ನೋಡಿದಳು. ಅವರಲ್ಲೊಬ್ಬ ನಿಧಾನವಾಗಿ ನಡೆದು ಬರುತ್ತಿದ್ದ. ಮೆಟ್ಟಿಲ ಬಳಿ ನಿಂತ. ಬೂಟು ನೋಡಿದ, ಬಾಗಿಲು ನೋಡಿದ. ಆಮೇಲೆ ನಕ್ಕು ಒಂದು ಬೂಟನ್ನು ಜಾಡಿಸಿ ಒದ್ದ. ಅದು ಕೆಂಪು ಮಣ್ಣಲ್ಲಿ ಉರುಳಿ ಬಿತ್ತು.

ಗ್ಲೆನಿಸ್ ಸ್ಪ್ರೇ ಡಬ್ಬಿ ಹಿಡಿದು ಬಾಗಿಲಿಗೆ ಎದುರಾಗಿ ನಿಂತಳು. ಬಾಗಿಲ ಹಿಡಿ ಒಂದು ಸುತ್ತು ತಿರುಗಿತು.

ಆಗ ಆ ಒರಟು ದನಿ ಮತ್ತೆ ಬಂತು. "ಅಮ್ಮಾ, ನಾನು ಲಾರಿಯವನು. ನನ್ನ ಮುಂದಿದ್ದ ಬಿಳಿ ವ್ಯಾನು ಈಗ ಬದಿಗೆ ನಿಂತಿದೆ. ಆ ಮನುಷ್ಯ ಸ್ಟೀರಿಂಗಿಗೆ ತಲೆ ಇಟ್ಕೊಂಡು ಕೂತಿದ್ದಾನೆ." ಸ್ವಲ್ಪ ತಡೆದು, "ಹಾಂ, ಗಾಡಿ ತಿರುಗಿಸಿದ. ಬರ್ತಿದ್ದಾನೆ ನೋಡಿ. ಹಿಂದೆ ನಾನೂ ಬರ್ಲಾ?"

ಪಿಕಪ್ಪಿನ ರೇಡಿಯೋದಲ್ಲೂ ಆ ಮಾತು ಜೋರಾಗಿ ಕೇಳಿಸಿತು. ಬಾಗಿಲ ಹಿಡಿ ನಿಂತಿತು. ಪಿಕಪ್ಪು ಹೊರಟು ಹೋದ ಮೇಲೂ ಅವಳ ಬೆರಳು ಡಬ್ಬಿಯನ್ನು ಬಿಡಲಿಲ್ಲ.

ವಾರಿಕ್ ಬಂದವನು ಬಾಗಿಲು ಬಡಿಯಲಿಲ್ಲ. ಉರುಳಿ ಬಿದ್ದ ಬೂಟನ್ನು ಎತ್ತಿ, ಅಂಗಿಯ ತುದಿಯಿಂದ ಮಣ್ಣು ಒರೆಸಿ, ಅದರ ಜೋಡಿಯ ಪಕ್ಕದಲ್ಲಿಟ್ಟ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಣ್ಣುಗಳು ಕೆಂಪಾಗಿದ್ದವು.

"ನೆವಿಲ್ ಹತ್ರ ಕ್ಷಮೆ ಕೇಳೋಕೆ ಬಂದೆ," ಅಂದ.

ಗ್ಲೆನಿಸ್ ಚಿಲಕ ತೆಗೆದಳು. ಎಂಟು ತಿಂಗಳಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಬಾಗಿಲನ್ನು ಪೂರ್ತಿ ತೆರೆದಳು.

"ಅವನೇನೂ ಅಂದ್ಕೊಳ್ಳಲ್ಲ. ಅಂಥವನಲ್ಲ." ಕಣ್ಣೊರೆಸಿಕೊಂಡಳು. "ರೇಡಿಯೋದಲ್ಲಿ ಯಾಕೆ ಮಾತಾಡ್ಲಿಲ್ಲ?"

"ಮೈಕು ಎತ್ತಿದ್ರೆ ಅತ್ತುಬಿಡ್ತಿದ್ದೆ. ಎಷ್ಟು ಜನ ಕೇಳಿಸ್ಕೊಂಡ್ರೋ... ಯಾಕೆ ಹೇಳೋಕೆ ಹೋದ್ರಿ?"

"ನೀವು ಹೊರಟುಬಿಟ್ರಲ್ಲ. ನನಗೆ ಈ ಬಾಗಿಲ ಹಿಡಿಗಿಂತ ಅದೇ ಹೆಚ್ಚು ಹೆದರಿಕೆ ಆಯ್ತು. ನೀವು ಬೇಕು ಅನ್ಸಿದೆ ನನಗೆ. ಈ ವಯಸ್ಸಲ್ಲಿ ಸುತ್ತಿ ಬಳಸಿ ಹೇಳೋಕೆ ಬರಲ್ಲ."

ವಾರಿಕ್ ಟೋಪಿಯನ್ನು ಮೆಟ್ಟಿಲ ಮೇಲಿಟ್ಟ. "ನನಗೆ ಆ ಬಕೆಟ್ಟಿನ ದಿನವೇ ಅನ್ಸಿತ್ತು," ಅಂದ. "ಈ ಬೂಟು ನೋಡಿ ಬಾಯಿ ಮುಚ್ಕೊಂಡಿದ್ದೆ."

"ನಿಮ್ಮದು ಎಷ್ಟನೇ ನಂಬರು?"

"ಒಂಬತ್ತು."

"ಅದನ್ನ ನೋಡಿ ಯಾರೂ ಹೆದರಲ್ಲ."

"ಹೆದರ್ಸೋಕೆ ಅವ್ರದ್ದು ಅಲ್ಲೇ ಇರ್ಲಿ. ನನ್ನದು ಅದರ ಪಕ್ಕದಲ್ಲಿಟ್ರೆ ಸಾಕು."

ಆತ ಬಗ್ಗಿ ದಾರ ಬಿಚ್ಚತೊಡಗಿದ. ಗ್ಲೆನಿಸ್ ಒಳಗೆ ಹೋಗಿ ನೀರು ಕಾಯಲಿಟ್ಟು ಎರಡು ಲೋಟ ಚಹಾ ಮಾಡಿದಳು. ಅವತ್ತು ಸಿಂಕಿಗೆ ಸುರಿಯುವುದಕ್ಕೆ ಏನೂ ಉಳಿಯಲಿಲ್ಲ.