ಎಡಕ್ಕೆ ಜಾರಿದ ಹೂ

ನಾನು ನರ್ಸ್. ದೆವ್ವ ಗಿವ್ವ ನಂಬುವವಳಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

೨೦೦೪ರ ಬೇಸಿಗೆ. ಕೂಡ್ಲಿಗಿ ಕಡೆಯ ಆಸ್ಪತ್ರೆಯೊಂದರಲ್ಲಿ, ಲಾರಿಯಿಂದ ಬಿದ್ದ ಹುಲುಗಣ್ಣ ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಕಾನಹೊಸಹಳ್ಳಿಯ ಹೆಣ್ಣುಮಗಳೊಬ್ಬಳ ಕೂಸು ಅವನದೋ ಅಲ್ಲವೋ ಎಂದು ತಿಳಿಯಲು ಅವನ ರಕ್ತ ತೆಗೆಯಬೇಕೆಂದು ಕೋರ್ಟಿನ ಆದೇಶ ಬಂತು.

"ಅವನ್ನ ಒಂದ್ ಮಾತು ಕೇಳ್ರಿ ನರ್ಸಮ್ಮ," ಎಂದಳು ಹುಲುಗಣ್ಣನ ತಾಯಿ ಪಂಪಮ್ಮ.

"ಅವನಿಗೆ ಎಚ್ಚರ ಎಲ್ಲೈತಿ ಯಮ್ಮಾ?"

"ಹಂಗಾರ ಊರಮ್ಮನ್ನ ಹೂ ಇಟ್ಟು ಕೇಳ್ದಂಗ ಕೇಳ್ತೀನಿ. ಬಲಕ್ಕ ಬಿದ್ರ ಹೂಂ, ಎಡಕ್ಕ ಬಿದ್ರ ಬ್ಯಾಡ."

ಕಣಗಿಲೆ ಹೂವೊಂದನ್ನು ನೀರಿನಲ್ಲಿ ಅದ್ದಿ ಮಗನ ಹಣೆಗೆ ಅಂಟಿಸಿದಳು. ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ಹೂ ಮೆಲ್ಲಗೆ ಎಡಕ್ಕೆ ಜಾರಿ ದಿಂಬಿನ ಮೇಲೆ ಬಿತ್ತು.

"ಕೋರ್ಟು ಹೂ ನೋಡಂಗಿಲ್ಲಮ್ಮ," ಎಂದು ಡಾಕ್ಟರು ನಕ್ಕರು. ನಾನೇ ಸೂಜಿ ಚುಚ್ಚಿದೆ. ಆ ಸೆಕೆಯಲ್ಲೂ ಅವನ ತೋಳು ಮಡಕೆಯ ನೀರಿನಂತೆ ತಣ್ಣಗಿತ್ತು. ಬಂದದ್ದು ಕೆಂಪು ರಕ್ತವೇ; ಡಾಕ್ಟರೂ ನೋಡಿದರು. ಸೀಸೆಗೆ ಅರಗಿನ ಮುದ್ರೆ ಒತ್ತಿ ಕಳಿಸಿದೆವು.

ಲ್ಯಾಬಿನಿಂದ ಉತ್ತರ ಬಂತು: ಮುದ್ರೆ ಒಡೆದಿಲ್ಲ, ಒಳಗೆ ಬರೀ ನೀರಿದೆ, ಮತ್ತೆ ಕಳಿಸಿ.

ಮತ್ತೆ ರಕ್ತ ತೆಗೆಯಲು ಹೋದಾಗ ಪಂಪಮ್ಮ ಊರಿಗೆ ಹೋಗಿದ್ದಳು, ಹೂ ಇಡುವವರಿರಲಿಲ್ಲ. ಸೂಜಿ ಎತ್ತಿದೆ. ಅವನ ಹಣೆಯ ನಡುವೆ ನೀರಿನ ಹನಿಯೊಂದು ಮೂಡಿ ಎಡಕ್ಕೆ ಹರಿಯಿತು. ಒರೆಸಿದೆ. ಮತ್ತೆ ಮೂಡಿತು, ಮತ್ತೆ ಎಡಕ್ಕೇ ಹರಿಯಿತು. ಕಣಗಿಲೆಯ ವಾಸನೆ ಬಂತು.

"ದಿಂಬು ಓರೆ ಐತಿ, ತಲಿ ಬಲಕ್ಕ ವಾಲಿಸು," ಎಂದರು ಡಾಕ್ಟರು. ಈ ಸಲ ಅವರು ನಗಲಿಲ್ಲ.

ಎರಡೂ ಕೈಯಿಂದ ಅವನ ತಲೆಯನ್ನು ಬಲಕ್ಕೆ ವಾಲಿಸಿ ಹಿಡಿದೆ. ಹನಿ ಮೂಡಿತು. ಇಬ್ಬರೂ ನೋಡುತ್ತಿದ್ದಂತೆ ಅದು ಏರು ಹತ್ತಿ ಎಡಕ್ಕೇ ಹೋಯಿತು.